ಲಂಗಡಿಯ ಹಿಂದೆ ಕೂತವಳು

ಆಗೆಲ್ಲ ನಮ್ಮ ಬಸವಕಲ್ಯಾಣದ ಓಣಿಯಲ್ಲಿ ಮಧ್ಯಾಹ್ನದ ಮುಸುರೆ ಮುಗಿಯಿತೆಂದರೆ ಹೆಂಗಸರು ಹಣಿಗೆ, ಎಣ್ಣೆಬಟ್ಟಲು ಹಿಡಿದು ನಮ್ಮ ಕಟ್ಟೆಗೆ ಬರುತ್ತಿದ್ದರು. ಒಬ್ಬರ ಬೆನ್ನಿಗೆ ಒಬ್ಬರು ಸಾಲಾಗಿ ಕೂತು ತಲೆ ನೋಡುವುದು. ಎದುರಿನ ಬೇವಿನ ಮರದಲ್ಲಿ ಕೋಟೆಯಿಂದ ಇಳಿದ ಮಂಗಗಳೂ ಹಾಗೇ ಕೂತು ಒಂದರ ಮೈ ಇನ್ನೊಂದು ಹೆಕ್ಕುತ್ತಿದ್ದವು.

“ನೋಡ್ರಿ, ನಮ್ಮ ಬೀಗರು ಕುಂತಾರ” ಎಂದು ಪಕ್ಕದ ಮನೆಯ ಕಾಶಮ್ಮತ್ತೆ ನಗುತ್ತಿದ್ದಳು.

“ಅವರು ಹೇನು ತಿಂತಾರ, ನಿನ್ನಂಗ ನನ್ನ ಕಟ್ಟಿಗಿ ಒರಸಂಗಿಲ್ಲ” ಎನ್ನುತ್ತಿದ್ದಳು ಆಯಿ, ನನ್ನ ಅಪ್ಪನ ತಾಯಿ.

ಒಂದು ಬೇಸಿಗೆ, ಮಾಳಿಗೆಯ ಮೇಲೆ ಶಂಡಿಗೆ ಒಣಗುತ್ತಿದ್ದ ದಿನಗಳಲ್ಲಿ, ಓಣಿಯ ನಾಯಿಗಳು ಒಂದು ಹೆಣ್ಣುಮಂಗನ ಹಿಂಗಾಲು ಹರಿದುಹಾಕಿದವು. ಅಪ್ಪ ಗೋಣಿಚೀಲ ಹಾಕಿ ಹಿಡಿದು ತಂದು, ಗಾಯಕ್ಕೆ ಅರಿಸಿನ-ಎಣ್ಣೆ ಹಚ್ಚಿ, ಖಾಲಿ ಬಿದ್ದಿದ್ದ ಕೊಟ್ಟಿಗೆಯಲ್ಲಿ ಕೂಡಿಹಾಕಿದ. ನಾವು ಮಕ್ಕಳು ಅದಕ್ಕೆ ಲಂಗಡಿ, ಅಂದರೆ ಕುಂಟಿ, ಎಂದು ಹೆಸರಿಟ್ಟೆವು. ಬಿಸಿ ರೊಟ್ಟಿ, ಹುರಿದ ಶೇಂಗಾ, ಬೆಲ್ಲ. ನಮಗೂ ಅಷ್ಟು ಉಪಚಾರ ಇರಲಿಲ್ಲ. ಲಂಗಡಿ ಮೂಸಿಯೂ ನೋಡಲಿಲ್ಲ. ಗೋಡೆಗೆ ಮುಖ ಮಾಡಿ ಕೂತುಬಿಟ್ಟಿತು. ಗಾಯ ಒಣಗುತ್ತಿತ್ತು, ಮಂಗ ಸೊರಗುತ್ತಿತ್ತು. ಹಿಂಡು ಬಂದು ಅಂಗಳದ ಗೋಡೆಯ ಮೇಲೆ ಕೂತು ಕಿರುಚಿದರೆ ಅಪ್ಪ ಕೋಲು ಬೀಸಿ ಓಡಿಸುತ್ತಿದ್ದ. ಅವು ಗಾಯ ಕೆದರಿದರೆ ನಂಜಾಗುತ್ತದೆಂದು ಅವನ ಹೆದರಿಕೆ.

“ಅಪ್ಪಾ, ಇದು ಸಾಯ್ತದೇನು?” ಎಂದು ಕೇಳಿದೆ.

“ಉಣ್ಣದಿದ್ರ ಇನ್ನೇನಾಗ್ತದ?” ಅವನ ದನಿ ಇಳಿದಿತ್ತು.

ಅದು ಕಟ್ಟೆಗೆ ಕೇಳಿಸಿತು. ಅರ್ಧ ಹೆಣೆದ ಜಡೆಯಲ್ಲೇ ಆಯಿ ಎದ್ದು ಬಂದಳು.

“ಶಿವ್ಯಾ, ಕೊಟ್ಟಗಿ ಬಾಗಿಲಾ ತಗಿ” ಎಂದಳು ಅಪ್ಪನಿಗೆ.

“ಅವ್ವಾ, ಹೊರಗ ನಾಯಿ ಅವ.”

“ಅಂಗಳದ ಬಾಗಿಲಾ ಹಾಕು. ಆ ಕೋಲು ಮೊದಲ ಒಗಿ. ಹೋದ ವರ್ಷ ಕಾಲು ಮುರದಾಗ ನನ್ನ ಮೂಲ್ಯಾಗ ಕೂಡಿಸಿ ಬರೇ ರೊಟ್ಟಿ ದೂಡಿದ್ರ ಎದ್ದೇಳ್ತಿದ್ನೇನು? ಕಾಶಿ ದಿನಾ ಬಂದು ತಲಿ ನೋಡಿದ್ಲು, ಬೈದ್ಲು, ನಗಸಿದ್ಲು. ಎದ್ದೆ.”

ಅಪ್ಪ ಬಾಗಿಲು ತೆಗೆದ. ನಾವೆಲ್ಲ ಅಡುಗೆಮನೆಯ ಕಿಟಕಿಗೆ ಮುಖ ಹಚ್ಚಿ ನಿಂತೆವು. ಕಿವಿ ಹರಿದ ಮುದಿ ಹೆಣ್ಣುಮಂಗವೊಂದು ಗೋಡೆಯಿಂದ ಇಳಿದು, ನಮ್ಮತ್ತ ಹಲ್ಲು ಕಿರಿದು, ಒಳಗೆ ಹೋಗಿ ಲಂಗಡಿಯ ಹಿಂದೆ ಕೂತಿತು. ಕೂದಲು ಸರಿಸಿ ಸರಿಸಿ ಹೆಕ್ಕತೊಡಗಿತು. ಲಂಗಡಿ ಮೊದಲು ಮೈ ಬಿಗಿಹಿಡಿಯಿತು. ಆಮೇಲೆ ಮೆಲ್ಲಗೆ ಆ ಮುದುಕಿಯ ತೊಡೆಗೆ ಒರಗಿತು. ಹೊತ್ತು ಇಳಿಯುವಾಗ ರೊಟ್ಟಿಗೆ ಕೈ ಚಾಚಿತು.

“ಉಣ್ಣಾಕತ್ತದ!” ಎಂದು ಕೂಗಿದೆ.

ಆಯಿ ನನ್ನ ಬಾಯಿ ಮುಚ್ಚಿದಳು. “ಮೆಲ್ಲಕ. ಬೀಗರು ಊಟಕ್ಕ ಕುಂತಾರ.”

ಗಾಯ ಮಾಯುವ ತನಕ ಮುದುಕಿ ಬರುತ್ತಲೇ ಇತ್ತು. ಮರುವರ್ಷ ಬೇವಿನ ಹಣ್ಣಿನ ಕಾಲಕ್ಕೆ ಲಂಗಡಿ ಕುಂಟುತ್ತಲೇ, ಹೊಟ್ಟೆಗೆ ಮರಿ ಅವಚಿಕೊಂಡು ಹಿಂಡಿನ ನಡುವೆ ಬಂದಿತ್ತು.

ಈಗ ನಾನಿರುವುದು ಹುಮನಾಬಾದಿನಲ್ಲಿ. ಇಲ್ಲಿಯ ಮನೆಗಳಿಗೆ ಕಟ್ಟೆಯೇ ಇಲ್ಲ. ಗೇಟು, ಗೇಟಿನ ಮುಂದೆ ಬೈಕು. ಆಯಿಯೂ ಇಲ್ಲ, ಒಬ್ಬರ ಬೆನ್ನಿಗೆ ಒಬ್ಬರು ಕೂತ ಆ ಸಾಲೂ ಇಲ್ಲ. ಮಂಗಗಳು ಮಾತ್ರ ನೀರಿನ ಟ್ಯಾಂಕಿನ ಮೇಲೆ ಇನ್ನೂ ಹಾಗೇ ಕೂರುತ್ತವೆ.

ಪಕ್ಕದ ಮನೆಯ ಗಿರಿಜಾ ಆಪರೇಷನ್ ಆಗಿ ಮಲಗಿದ್ದಾಳೆ. ಹಣ್ಣು, ಗುಳಿಗೆ ಎಲ್ಲ ತಲೆದಿಂಬಿನ ಬಳಿಯೇ ಇವೆ, ಊಟ ಮಾತ್ರ ಸೇರದು. ಮೊನ್ನೆ ಮಧ್ಯಾಹ್ನ ಹಣಿಗೆ ಹಿಡಿದು ಹೋದೆ.

“ನನ್ನ ತಲ್ಯಾಗ ಹೇನಿಲ್ರಿ ಅಕ್ಕಾ” ಎಂದಳು.

“ಗೊತ್ತದ. ಆ ಕಡಿ ಹೊಳ್ಳು” ಎಂದು ಅವಳ ಹಿಂದೆ ಕೂತೆ.