ಗೆದ್ದವನು ಕಲಿಸಬೇಕು

ಭಾವಿಕೇರಿಯ ನಮ್ಮ ಮನೆಯಲ್ಲಿ ಕಡೆದ ಮಜ್ಜಿಗೆಯಲ್ಲಿ ಒಂದು ತಂಬಿಗೆಯಷ್ಟು ನಮ್ಮ ಹೊಟ್ಟೆಗೆ ಹೋಗದೆ ಅಂಕೋಲೆಯ ಗರಡಿಯ ಮಣ್ಣಿನ ಹೊಟ್ಟೆಗೆ ಹೋಗುತ್ತಿತ್ತು. ಕುಸ್ತಿಯ ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ ಕಲಸಿ ತುಳಿದು ಹದ ಮಾಡಿದರೆ ಬಿದ್ದ ಮೈಗೆ ಮೆತ್ತಗೆ, ತರಚಿದ ಗಾಯಕ್ಕೆ ಮದ್ದು ಎಂಬುದು ಗರಡಿಯವರ ನಂಬಿಕೆ. ನನ್ನ ಅವ್ವಿಗೆ ಮಾತ್ರ ಆ ನಂಬಿಕೆ ಇರಲಿಲ್ಲ. "ಮಣ್ಣಿಗೆ ಮಜ್ಗೆ ಕುಡ್ಸೂಕೆ ಮಗನ್ನ ಹಡ್ದೆ ನಾನು" ಎಂದು ಗೊಣಗುತ್ತಲೇ ಅವಳು ತಂಬಿಗೆ ತುಂಬಿಸಿ ಕೊಡುತ್ತಿದ್ದಳು.

ಊರಿನ ದೊಡ್ಡವರು ಉಪ್ಪಿಗಾಗಿ ಜೈಲು ಕಂಡುಬಂದ ಮೂವತ್ತರ ದಶಕ ಅದು. ಮಕ್ಕಳ ಮೈ ಗಟ್ಟಿಯಾಗಬೇಕೆಂದು ಎಲ್ಲರೂ ಹೇಳುತ್ತಿದ್ದರು. ಆದರೆ ದಂಡ, ಬಸ್ಕಿ ಹೊಡೆದರೆ ಸಾಕಲ್ಲ, ಹಾಲುಹಲ್ಲು ಬಿದ್ದು ಮುಗಿಯದವರಿಗೆ ಸೋಲು ಗೆಲುವಿನ ಉಸಾಬರಿ ಏಕೆ, ಎಳೆಯ ಮನಸ್ಸು ಮುರಿದೀತು ಎನ್ನುವವರು ಆಗಲೂ ಇದ್ದರು, ಮಿತ್ರರೇ, ಈಗಲೂ ಇದ್ದಾರೆ. ಅವರ ಕರುಣೆಗೆ ಕೈಮುಗಿಯುತ್ತೇನೆ, ಮಾತಿಗೆ ಮಾತ್ರ ತಲೆಯಾಡಿಸಲಾರೆ. ನೀರಿಗಿಳಿಯದೆ ಈಜು ಬಂದವನನ್ನು ನಮ್ಮ ಕಡಲ ದಂಡೆಯಲ್ಲಿ ನಾನಂತೂ ಕಂಡಿಲ್ಲ.

ನಮಗೆ ಕುಸ್ತಿ ಕಲಿಸುತ್ತಿದ್ದ ವಸ್ತಾದರ ಗರಡಿಯಲ್ಲಿ ಒಂದು ಕಟ್ಟಳೆಯಿತ್ತು. ಯಾವ ಪಟ್ಟಿನಿಂದ ಎದುರಾಳಿಯನ್ನು ಕೆಡವಿದೆಯೋ ಆ ಪಟ್ಟನ್ನು ಅವನಿಗೆ ಕಲಿಸಿಯೇ ನೀನು ಅಖಾಡದಿಂದ ಏಳಬೇಕು. ಈ ಕಟ್ಟಳೆಯ ದೆಸೆಯಿಂದ ನಾನು ಮಹಾ ವಿದ್ವಾಂಸನಾದೆ, ಏಕೆಂದರೆ ಎಲ್ಲರಿಗಿಂತ ಹೆಚ್ಚು ಸೋಲುತ್ತಿದ್ದವನು ನಾನೇ. ಅದರಲ್ಲೂ ಬೊಮ್ಮನ ಕೈಯಲ್ಲಿ. ಅವನು ನಮ್ಮ ಗದ್ದೆಯಲ್ಲಿ ಸಸಿ ನೆಡುವ ನೆಟ್ಟಿಗೆ ಬರುತ್ತಿದ್ದವರ ಮಗ, ನನ್ನ ವಾರಿಗೆಯವನು, ನನ್ನ ಜೀವದ ಗೆಳೆಯ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಮೀಸೆಯೇ ಮೂಡದ ನನಗೆ ಆ ಸಮಾಧಾನವೂ ಇರಲಿಲ್ಲ.

ಕಾರವಾರದ ಕೋಡಿಬಾಗದಲ್ಲಿ ಕಾಳಿನದಿಯ ದಂಡೆಯ ಮೇಲೊಂದು ಗರಡಿ. ಅಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಕುಸ್ತಿ, ಒಂದೊಂದು ಗರಡಿಯಿಂದ ನಮ್ಮ ಗಾತ್ರದವರಲ್ಲಿ ಒಬ್ಬನಿಗಷ್ಟೇ ಅವಕಾಶ. ಆ ವರ್ಷ ಕಡೆಗೆ ಉಳಿದವರು ನಾನು ಮತ್ತು ಬೊಮ್ಮ. ಮೋಟಾರು ಹತ್ತಿ ಕಾರವಾರಕ್ಕೆ ಹೋಗಬೇಕು, ಒಮ್ಮೆಯಾದರೂ ಗರಡಿಯ ಹೆಸರು ಹೇಳಿ ನಿಲ್ಲಬೇಕು ಎಂದು ನಾನು ಹಂಬಲಿಸುತ್ತಿದ್ದುದು ಅವನಿಗೆ ಗೊತ್ತಿತ್ತು. ಕೈ ಕೂಡಿಸಿದೆವು. ನಾನು ಸರಿಯಾಗಿ ಹಿಡಿಯುವ ಮೊದಲೇ ಬೊಮ್ಮ ಬೆನ್ನಡಿಯಾಗಿ ಬಿದ್ದಿದ್ದ. ಹುಡುಗರೆಲ್ಲ ಹೋ ಎಂದರು. ನಾನೂ ಕುಣಿದೆ.

"ಸರಿ, ಅವಂಗೆ ಪಟ್ಟು ಕಲ್ಸೋ" ಎಂದರು ವಸ್ತಾದರು.

ಕುಣಿತ ನಿಂತಿತು. ಯಾವ ಪಟ್ಟನ್ನು ಕಲಿಸಲಿ? ಕೈಯಲ್ಲಿ ಏನೂ ಇರಲಿಲ್ಲ. ಬೊಮ್ಮ ನೆಲ ನೋಡುತ್ತಿದ್ದ. ಬಾಯಿಗೆ ಬಂದ ತುತ್ತು ಬಿಡಲು ಮನಸ್ಸಿಲ್ಲ, ನುಂಗಲು ಗಂಟಲು ಒಪ್ಪುತ್ತಿಲ್ಲ. ಕೊನೆಗೆ ಅಳುತ್ತಲೇ ಹೇಳಿದೆ: "ನಾ ಎಂತಾ ಮಾಡ್ಲೇ ಇಲ್ಲ ವಸ್ತಾದ್ರೇ. ಅವ್ನೇ ಬಿದ್ದ."

ವಸ್ತಾದರು ಬೊಮ್ಮನ ಕಿವಿ ಹಿಂಡಿದರು. "ಪಾಪ ಅಂತ ಬಿದ್ರೆ ಉಪಕಾರ ಆತೇನೋ? ಅವ ಎಂತಾ ಕಲ್ತ? ನೀ ಎಂತಾ ಕಲ್ತೆ? ಹಿಡೀರಿ ಮತ್ತೊಂದ್ಸಲ!"

ಈ ಸಲ ಬೊಮ್ಮ ಬಿಡಲಿಲ್ಲ. ನನ್ನ ಬೆನ್ನು ಮಣ್ಣು ಕಂಡಿತು, ಕಾರವಾರ ನನಗೆ ತಪ್ಪಿತು. ಅವನು ಮೋಟಾರು ಹತ್ತಿದ ದಿನ ನನಗೆ ಅನ್ನ ಸೇರಲಿಲ್ಲ. ಆದರೂ ಹೇಳುತ್ತೇನೆ, ಅವನು ಕರುಣೆಯಿಂದ ಬಿದ್ದಾಗ ಆದ ನೋವಿನ ಮುಂದೆ ಅವನು ಬಲದಿಂದ ಕೆಡವಿದ ನೋವು ಏನೇನೂ ಅಲ್ಲ. ಕೆಡವಿದಾಗ ಅವನು ನನ್ನನ್ನು ಲೆಕ್ಕಕ್ಕೆ ಹಿಡಿದಿದ್ದ. ಮಕ್ಕಳಿಗೆ ಸ್ಪರ್ಧೆ ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ. ಸೋತ ಮಗುವಿನ ಕೈ ಹಿಡಿದು ಕಲಿಸುವವರು ಇಲ್ಲದ ಕಡೆ ಅದು ಬರೀ ಜಿದ್ದು, ಅಂಥದ್ದನ್ನು ಕಟ್ಟಿಡಿ. ಆದರೆ ಸೋಲೇ ಇಲ್ಲದ ಗರಡಿಯನ್ನು ಕಟ್ಟಬೇಡಿ.

ಕೋಡಿಬಾಗದಲ್ಲಿ ಬೊಮ್ಮ ಸೋತು ಬಂದ. ಅವನನ್ನು ಕೆಡವಿದ ಹುಡುಗನಿಗೆ ಕೊಂಕಣಿ ಬಿಟ್ಟು ಬೇರೆ ಮಾತು ಬಾರದು, ಇವನಿಗೆ ಕೊಂಕಣಿ ಬಾರದು. ಆದರೂ ಬೆನ್ನು ಬಿಡದೆ, ಕೈಸನ್ನೆಯಲ್ಲೇ ಬೇಡಿ ಅವನ ಪಟ್ಟನ್ನು ಕಲಿತು ತಂದಿದ್ದ. ಬಂದವನೇ ನನಗೂ ತೋರಿಸಿಕೊಟ್ಟು, "ಇದು ನಂಗೂ ಹೊಸಾದು, ನಿಂಗೂ ಹೊಸಾದು. ಹಿಡಿ ಈಗ" ಎಂದ.

ಹಿಡಿದೆ. ಉಸಿರು ಕಟ್ಟುವವರೆಗೆ ಗುದ್ದಾಡಿದೆವು. ಅವನು ಒಂದಿಷ್ಟೂ ಬಿಟ್ಟುಕೊಡಲಿಲ್ಲ. ಕೊನೆಗೊಮ್ಮೆ ಅವನ ಕಾಲಿಗೆ ನನ್ನ ಕಾಲು ಕೊಕ್ಕೆ ಹಾಕಿಕೊಂಡಿತು, ಅವನ ಬೆನ್ನು ನೆಲಕ್ಕೆ ಬಡಿದ ಸದ್ದು ಕೇಳಿತು. ಎದ್ದು ಕೂತವನ ಕಣ್ಣಲ್ಲಿ ಸೋತ ಸಿಟ್ಟು ನಿಜವಾಗಿಯೂ ಉರಿಯುತ್ತಿತ್ತು. ಅದನ್ನು ಕಂಡು ನನಗಾದ ಸಂತೋಷಕ್ಕೆ ಪಾರವಿರಲಿಲ್ಲ.

ಬಾಯೊಳಗಿನ ಮಣ್ಣು ಉಗುಳಿ ಅವನೆಂದ: "ನೋಡ್ತಾ ನಿಂತ್ಯಾ? ಕಲ್ಸು ಬಾ."