ಪೋಷಕರ ಸಹಿ

"ಮಗಳನ್ನ ಕಳಿಸಮ್ಮ, ಸ್ಟೂಡೆಂಟೇ ಬರ್ಬೇಕು" ಅಂದರು ಮಧುಗಿರಿಯ ಕಾಲೇಜಿನ ಗುಮಾಸ್ತರು.

"ಸ್ಟೂಡೆಂಟ್ ನಾನೇ ಸಾರ್" ಅಂದೆ. ಅವರು ಕನ್ನಡಕ ಸರಿಮಾಡಿಕೊಂಡು ಒಮ್ಮೆ ನನ್ನನ್ನು, ಒಮ್ಮೆ ಅರ್ಜಿಯನ್ನು ನೋಡಿದರು.

ಮೂವತ್ತಾರನೇ ವಯಸ್ಸಿನಲ್ಲಿ, ಪಾವಗಡದಲ್ಲಿದ್ದಾಗ, ದಿನಾ ಗಡಿ ದಾಟಿ ಆಂಧ್ರದ ಕಾಲೇಜಿಗೆ ಹೋಗಿ ಬಿ.ಎ. ಮೊದಲ ವರ್ಷ ಮುಗಿಸಿದ್ದೆ. ಗಂಡನಿಗೆ ಮಧುಗಿರಿಗೆ ವರ್ಗವಾಯಿತು. ಮನೆಯ ಜೊತೆ ನನ್ನ ಯೂನಿವರ್ಸಿಟಿಯೂ ಬದಲಾಗಬೇಕಾಯಿತು. ಟಿ.ಸಿ., ಎನ್‌ಒಸಿ, ಮೈಗ್ರೇಷನ್ ಸರ್ಟಿಫಿಕೇಟು ಎಲ್ಲ ಹೊಂದಿಸಿಕೊಂಡು ಹೋದಾಗ ಅಡ್ಮಿಷನ್ನಿನ ಕೊನೇ ದಿನವೇ ಬಂದಿತ್ತು.

"ಪೋಷಕರ ಸಹಿ ಎಲ್ಲಮ್ಮ?"

"ಅಪ್ಪ ಅಮ್ಮ ಇಲ್ಲ ಸಾರ್. ಯಜಮಾನರು ಬೆಂಗಳೂರಿಗೆ ಹೋಗವ್ರೆ. ನನ್ನ ಮಗಳೇ ಹೈಸ್ಕೂಲಲ್ಲವ್ಳೆ, ನಾನೇ ಹಾಕ್ಲಾ?"

"ನಿನಗೆ ನೀನೇ ಪೋಷಕಿ ಆಗೋದು ಹೆಂಗಮ್ಮ?"

ಒಂದು ವರ್ಷ ದಂಡವಾಯಿತು ಅಂದುಕೊಂಡೆ. ಅಷ್ಟರಲ್ಲಿ, ಜೊತೆಗೆ ಬಂದು ಹೊರಗೆ ಬೆಂಚಿನಲ್ಲಿ ಕೂತಿದ್ದ ನಮ್ಮತ್ತೆ ಒಳಗೆ ಬಂದರು. "ಏಮಯಿಂದೇ?" ಅಂತ ತೆಲುಗಿನಲ್ಲೇ ಏನಾಯಿತೆಂದು ಕೇಳಿದರು. ವಿಷಯ ಹೇಳಿದೆ.

"ಅಷ್ಟೇನಾ? ಇಂಗೆ ಕೊಡಪ್ಪ, ನಾನ್ ಹಾಕ್ತೀನಿ. ನಮ್ಮುಡುಗಿ ಇವಳು."

ಮದುವೆಯಾಗಿ ಹದಿನೇಳು ವರ್ಷಕ್ಕೆ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಅವರು ಗುಂಡಗಿನ ತೆಲುಗು ಅಕ್ಷರಗಳನ್ನು ನಿಧಾನವಾಗಿ ಬರೆದರು, ಫೋನ್ ನಂಬರನ್ನೂ ಹೇಳಿದರು. ಗುಮಾಸ್ತರು ನಕ್ಕು ಸೀಲು ಒತ್ತಿದರು.

ಈಗ ನಾನು ಕ್ಲಾಸು ತಪ್ಪಿಸಿದರೆ ಕಾಲೇಜಿನ ಮೆಸೇಜು ಹೋಗುವುದು ಅತ್ತೆಯ ಫೋನಿಗೇ. ಸಾರಿಗೆ ಉಪ್ಪು ಕಡಿಮೆಯಾದರೆ ಅವರು ಸುಮ್ಮನಿರುತ್ತಾರೆ, ಅಟೆಂಡೆನ್ಸ್ ಕಡಿಮೆಯಾದರೆ ಮಾತ್ರ ಬಿಡುವುದಿಲ್ಲ.