ಗಿಟಾರು ತಟ್ಟಿ ನೋಡಿದ್ದು

ಗೆಳೆಯರೇ, ಇವತ್ತು ಹಂಪನಕಟ್ಟೆಯ ವಾದ್ಯ ಪ್ರದರ್ಶನದಲ್ಲಿ ನನ್ನನ್ನು ಕುತ್ತಿಗೆ ಹಿಡಿದು ಹೊರಗೆ ದಬ್ಬುವುದೊಂದು ಬಾಕಿ ಇತ್ತು. ಹಂಚಿನ ಕಾರ್ಖಾನೆಯಲ್ಲಿ ನನ್ನ ಜೊತೆ ದುಡಿಯುವ ಪೆದ್ರುವಿಗೆ ತಂಗಿಯ ಮದುವೆಗೊಂದು ಗಿಟಾರು ಬೇಕಿತ್ತು. ಪ್ರದರ್ಶನಕ್ಕೆ ಇವತ್ತೇ ಕೊನೆ. "ನಿನ್ನ ಕಿವಿ ಚುರುಕುಂಟು, ನೀನೇ ಆರಿಸು ಮಾರಾಯ" ಎಂದು ಎಳೆದುಕೊಂಡು ಹೋದ.

ಕುಂದಾಪುರದಿಂದ ಈ ಊರಿಗೆ ಬಂದ ಮೇಲೆ ನಾನು ಕಲಿತದ್ದು ಒಂದೇ ಪರೀಕ್ಷೆ. ಸುಟ್ಟ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಬೇಕು. ಠಣ್ ಎಂದರೆ ಒಳ್ಳೆಯದು, ದಬ್ ಎಂದರೆ ಒಡಕು. ಸಾಲಾಗಿ ಇಟ್ಟಿದ್ದ ಗಿಟಾರುಗಳ ಬೆನ್ನು ತಟ್ಟುತ್ತಾ ಹೋದೆ. ಎಲ್ಲವೂ ದಬ್!

"ಪೆದ್ರು, ಒಂದೂ ಸಮ ಇಲ್ಲ. ಎಲ್ಲ ಒಡಕು" ಎಂದೆ. ಪಕ್ಕದಲ್ಲಿ ಗಿಟಾರು ಹಿಡಿದು ನಿಂತಿದ್ದ ಶೆಟ್ಟರೊಬ್ಬರು ಮೆಲ್ಲನೆ ಅದನ್ನು ಕೆಳಗಿಟ್ಟರು.

ಮದರಾಸಿನಿಂದ ಮಾಲು ತರಿಸಿದ್ದ ಅಂಗಡಿಯವರು ಓಡಿ ಬಂದರು. "ಎಂತ ಮಾಡ್ತೀರಿ ನೀವು? ತಟ್ಟಿ ನೋಡ್ಲಿಕ್ಕೆ ಇದೆಂತ ಮಡಕೆಯಾ?"

ನಾನು ಒಡಕು ಎಂದಿದ್ದ ಗಿಟಾರೊಂದನ್ನು ಅವರು ಎತ್ತಿಕೊಂಡು ನುಡಿಸಿದರು. ಮಾತಾಡುತ್ತಿದ್ದವರೆಲ್ಲ ಕೇಳಲು ಸುತ್ತ ನೆರೆದರು. ಪೆದ್ರು ನನ್ನ ಮುಖ ನೋಡಿದ. ಇಷ್ಟು ಜನರ ಮುಂದೆ ಸೋಲುವುದು ಹೇಗೆ?

"ಸ್ವರ ಲಾಯ್ಕುಂಟು. ಆದ್ರೆ ಮಳೆಗಾಲದಲ್ಲಿ ಸೋರ್ತದೆ" ಎಂದೆ.

ಪೆದ್ರು ಅದನ್ನೇ ಕೊಂಡ. ದಾರಿಯುದ್ದಕ್ಕೂ ನನ್ನ ಕೈಗೆ ಕೊಡಲಿಲ್ಲ. "ಮದುವೆಗೆ ಬಾ, ಆದ್ರೆ ವಾದ್ಯ ಮುಟ್ಬೇಡ. ಹಿಂದಿನ ದಿನ ಮದುಮಗಳಿಗೆ ಹಚ್ಚಿ ಮೀಯಿಸುವ ಕಾಯಿಹಾಲಿಗೆ ತೆಂಗಿನಕಾಯಿ ಆರಿಸು. ಅಲ್ಲಿ ಎಷ್ಟು ಬೇಕಾದ್ರೂ ತಟ್ಟು" ಎಂದ.

ಆಗಲಿ. ತೆಂಗಿನಕಾಯಿಯನ್ನು ನುಡಿಸಿ ತೋರಿಸಲು ಯಾರೂ ಓಡಿ ಬರುವುದಿಲ್ಲ.